ಕೊನೆಯ ತಿಂಗಳು ಗಬ್ಬದ ಕುರಿಗೆ ಮೇವು ಕಡಿಮೆ ಮಾಡಬೇಕಾ?

ಪ್ರಶ್ನೆ: ಸರ್, ನಮ್ಮದು ಶಿರಾ ತಾಲ್ಲೂಕು. 40 ಕುರಿ ಇವೆ. ಮೂರು ವರ್ಷದ ಹಿಂದೆ ನಾರಿ ಸುವರ್ಣ ಟಗರು ತಂದು ಬಿಟ್ಟೆ. ಈಗ ಅದಕ್ಕೆ ಹುಟ್ಟಿದ ಹೆಣ್ಣುಕುರಿಗಳು ಅವಳಿ ಹಾಕುತ್ತಿವೆ. ಆದರೆ ಈ ಸಲ ಮೇ ಕೊನೆಯಲ್ಲಿ ಈದ ಮರಿಗಳು ತೀರಾ ಸಣ್ಣ, ಏಳು ಮರಿ ಎರಡೇ ದಿನದಲ್ಲಿ ಸತ್ತವು. ಮೂರು ಕುರಿ ಈಯುವ ಮುಂಚೆಯೇ ಮೇವು ಬಿಟ್ಟು ಮಲಗಿದವು, ಎರಡು ಏಳಲೇ ಇಲ್ಲ. ಇನ್ನೊಂದು ದಿನ ತುಂಬದೆ ಕಂದು ಹಾಕಿತು. ಕೊನೆ ತಿಂಗಳು ಮೇವು ಕಡಿಮೆ ಮಾಡಿದರೆ ಮರಿ ಸಣ್ಣದಿರುತ್ತದೆ, ಈಯುವುದು ಸಲೀಸು ಅಂತ ಅಪ್ಪ ಹೇಳಿದ್ದರು. ಹಾಗೇ ಮಾಡಿದ್ದೆ. ತಪ್ಪು ಎಲ್ಲಾಯಿತು?

ಉತ್ತರ: ಮೊದಲು ನಿಮ್ಮ ಅಪ್ಪನ ಪರವಾಗಿ ಒಂದು ಮಾತು. ಅವರು ಹೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ. ಅವರು ಮೇಯಿಸಿದ ಡೆಕ್ಕನಿ, ಬಳ್ಳಾರಿ ಕುರಿಗಳು ಹೆಚ್ಚಾಗಿ ಒಂದೇ ಮರಿ ಹಾಕುವಂಥವು. ಚೊಚ್ಚಲು ಕುರಿಯ ಹೊಟ್ಟೆಯಲ್ಲಿ ಒಂಟಿ ಮರಿ ದಪ್ಪಗೆ ಬೆಳೆದು, ಅಡವಿಯಲ್ಲಿ ಈಯುವಾಗ ತಲೆ ಸಿಕ್ಕಿಕೊಂಡರೆ ತಾಯಿ, ಮರಿ ಎರಡೂ ಹೋದ ಹಾಗೆ. ಡಾಕ್ಟರು ಹದಿನೈದು ಮೈಲಿ ದೂರ. ಅಂಥ ಕಾಲದಲ್ಲಿ ಹುಟ್ಟಿದ ಎಚ್ಚರಿಕೆ ಅದು. ಆಗಲೂ ಅದು ಪೂರ್ತಿ ಸರಿ ಇರಲಿಲ್ಲ, ಆದರೆ ಒಂಟಿ ಮರಿಯ ಕುರಿ ಹೇಗೋ ತಡೆದುಕೊಳ್ಳುತ್ತಿತ್ತು.

ನೀವು ತಂದ ಟಗರು ಬೇರೆ ಜಾತಿಯದು. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ, ಬಂಗಾಳದ ಸುಂದರಬನದ ಗರೋಲ್ ಎಂಬ ಪುಟ್ಟ ಕುರಿಯ ಒಂದು ಜೀನನ್ನು ಡೆಕ್ಕನಿ ಕುರಿಗೆ ತಂದು ಮಾಡಿದ ತಳಿ ನಾರಿ ಸುವರ್ಣ. ಆ ಜೀನಿಗೆ ಫೆಕ್-ಬಿ ಅಂತ ಹೆಸರು. ಅಪ್ಪನಿಂದಲೋ ಅಮ್ಮನಿಂದಲೋ ಒಂದು ಪ್ರತಿ ಬಂದರೂ ಸಾಕು, ಕುರಿ ಬೆದೆಗೆ ಬಂದಾಗ ಒಂದರ ಬದಲು ಎರಡು ಮೊಟ್ಟೆ ಬಿಡುವುದು ಜಾಸ್ತಿಯಾಗುತ್ತದೆ. ಆದರೆ ಆ ಜೀನು ಮೊಟ್ಟೆಯ ಲೆಕ್ಕ ಮಾತ್ರ ಬದಲಾಯಿಸುತ್ತದೆ. ಹೊಟ್ಟೆಯ ಜಾಗ, ಮೇಯುವ ಬಾಯಿ, ಬೇಸಿಗೆಯ ಬಯಲು ಎಲ್ಲ ಹಳೆಯದೇ. ಎರಡು ಮರಿಯ ಮೇವನ್ನು ನೀವೇ ಕೊಡಬೇಕು. ನೀವು ಅದನ್ನೇ ಕಡಿಮೆ ಮಾಡಿದಿರಿ.

ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಕುರಿಯ ಗಬ್ಬ ಸುಮಾರು 147 ದಿನ. ನಾಲ್ಕೈದು ದಿನ ಹಿಂದೆ ಮುಂದೆ ಆಗಬಹುದು. ನಿಮ್ಮ ಕುರಿ ಮೇ 28ರ ಸುಮಾರಿಗೆ ಈದಿದ್ದರೆ ಟಗರು ಹಾರಿದ್ದು ಜನವರಿ 1ರ ಹೊತ್ತಿಗೆ. ಈ ಎರಡು ತಾರೀಖು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಮೊದಲ ಎರಡು ವಾರ ಮರಿ ಅಂತ ಹೇಳುವಂಥದ್ದು ಏನೂ ಇರುವುದಿಲ್ಲ. ಫಲ ಕಟ್ಟಿದ ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಗರ್ಭಕೋಶಕ್ಕೆ ಇಳಿಯುತ್ತದೆ. ಅಲ್ಲಿ ಯಾವುದಕ್ಕೂ ಅಂಟದೆ ತೇಲುತ್ತಿರುತ್ತದೆ. ಕುರಿಗೆ 17 ದಿನಕ್ಕೊಮ್ಮೆ ಬೆದೆ ಬರುತ್ತದಲ್ವಾ, ಅದಕ್ಕೆ ಮೊದಲೇ 'ನಾನಿದ್ದೇನೆ' ಅಂತ ತಾಯಿಗೆ ಗೊತ್ತು ಮಾಡದಿದ್ದರೆ ಮುಂದಿನ ಬೆದೆ ಬಂದು ಎಲ್ಲ ಮುಗಿಯುತ್ತದೆ. ಅದಕ್ಕೆ ಆ ಭ್ರೂಣ 12ನೇ ದಿನದ ಸುಮಾರಿಗೆ ದಾರದ ಹಾಗೆ ಉದ್ದಕ್ಕೆ ಬೆಳೆದು ಒಂದು ಪ್ರೋಟೀನು ಬಿಡುತ್ತದೆ. ತಾಯಿಯ ದೇಹ ಅದನ್ನು ಗುರುತು ಹಿಡಿದು ಬೆದೆಯನ್ನು ತಡೆಯುತ್ತದೆ. ಈ ಹೊತ್ತಿನಲ್ಲಿ ಕುರಿಯನ್ನು ಲಾರಿಯಲ್ಲಿ ತುಂಬಿ ಸಂತೆಗೆ ಒಯ್ಯುವುದು, ನಾಯಿ ಅಟ್ಟಿಸುವುದು, ಒಮ್ಮೆಗೇ ಮೇವು ಕಡಿತ ಮಾಡುವುದು ಯಾವುದೂ ಬೇಡ.

ಔಷಧಿ ವಿಷಯದಲ್ಲೂ ಮೊದಲ ತಿಂಗಳು ಹುಷಾರು. ಅಮೆರಿಕದ ಐಡಾಹೊದಲ್ಲಿ ಹಿಂದೆ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟುತ್ತಿದ್ದವು. ಹುಡುಕುತ್ತಾ ಹೋದಾಗ, ಗಬ್ಬದ 14ನೇ ದಿನದ ಸುಮಾರಿಗೆ ತಾಯಿ ಬೆಟ್ಟದ ಒಂದು ವಿಷಗಿಡ ಮೇಯ್ದದ್ದು ಕಾರಣ ಅಂತ ಸಿಕ್ಕಿತು. ಆ ಗಿಡ ನಮ್ಮಲ್ಲಿಲ್ಲ. ಆದರೆ ಜಂತಿಗೆ ಹಾಕುವ ಆಲ್ಬೆಂಡಜೋಲ್ ಪ್ರತಿ ಹಟ್ಟಿಯಲ್ಲೂ ಇದೆ. ಗಬ್ಬದ ಮೊದಲ ತಿಂಗಳಲ್ಲಿ ಅದು ಮರಿಗೆ ಊನ ತರಬಲ್ಲದು. ಟಗರು ಬಿಡುವ ಮುಂಚೆಯೇ ಜಂತಿನ ಔಷಧಿ ಮುಗಿಸಿಕೊಳ್ಳಿ. ಗಬ್ಬದ ನಡುವೆ ಹಾಕಲೇಬೇಕಾದರೆ ಯಾವ ಔಷಧಿ ಅಂತ ಡಾಕ್ಟರನ್ನು ಕೇಳಿ.

ಒಂದು ತಿಂಗಳಿಗೆ ಭ್ರೂಣ ಎರಡು ಸೆಂಟಿಮೀಟರ್ ಉದ್ದ, ಹೃದಯ ಬಡಿಯುತ್ತಿರುತ್ತದೆ. ಎರಡು ತಿಂಗಳಿಗೆ ಅಂಗೈ ಮೇಲೆ ಇಡಬಹುದಾದಷ್ಟು. ಮೂರು ತಿಂಗಳಿಗೆ ಕಾಲು, ಗೊರಸು, ಕಿವಿ ಎಲ್ಲ ಮೂಡಿ ಪಕ್ಕಾ ಕುರಿಮರಿಯೇ, ಆದರೆ ತೂಕ ಅರ್ಧ ಕೆಜಿಯೂ ಇರುವುದಿಲ್ಲ. ಹಾಗಂತ ಈ ಮೂರು ತಿಂಗಳು ಮೇವು ಹೇಗಿದ್ದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಈ ಹೊತ್ತಿನಲ್ಲಿ ಬೆಳೆಯುವುದು ಮರಿಯಲ್ಲ, ಮಾಸು.

ಮಾಸು ಅಂದರೆ ಕುರಿ ಈದ ಮೇಲೆ ಬೀಳುವ ಕಸ. ಅದನ್ನು ಒಮ್ಮೆ ಕಡ್ಡಿಯಿಂದ ಬಿಡಿಸಿ ನೋಡಿ. ತೆಳ್ಳನೆಯ ಪೊರೆಯ ಮೇಲೆ ಕಡುಗೆಂಪು ಗಂಟುಗಳು ಸಾಲುಸಾಲಾಗಿ ಕಾಣುತ್ತವೆ. ತಾಯಿಯ ಗರ್ಭಕೋಶದ ಒಳಗೋಡೆಯಲ್ಲಿ ಕುಂಕುಮದ ಬಟ್ಟಲಿನ ಹಾಗೆ ತಗ್ಗಿರುವ ಗುಂಡಿಗಳು 80ರಿಂದ 100 ಇರುತ್ತವೆ. ಮಾಸಿನ ಗಂಟು ಆ ಬಟ್ಟಲಲ್ಲಿ ಕೂತುಕೊಳ್ಳುತ್ತದೆ. ತಾಯಿಯ ರಕ್ತ ಒಂದು ಕಡೆ, ಮರಿಯ ರಕ್ತ ಇನ್ನೊಂದು ಕಡೆ, ನಡುವಿನ ಗೋಡೆ ದಾಟಿ ಸಕ್ಕರೆ, ಆಮ್ಲಜನಕ ಹೋಗುತ್ತವೆ. ಮಾಸು ತನ್ನ ಪೂರ್ತಿ ತೂಕಕ್ಕೆ ಬರುವುದು 75ರಿಂದ 90 ದಿನಗಳ ಒಳಗೆ. ಅಲ್ಲಿಂದಾಚೆ ಅದು ತೂಕದಲ್ಲಿ ಬೆಳೆಯುವುದಿಲ್ಲ. ಇದ್ದ ಮಾಸಿನಲ್ಲೇ ಕೊನೆಯವರೆಗೆ ಕೆಲಸ ನಡೆಯಬೇಕು. ಅವಳಿ ಇದ್ದರೆ ಅದೇ ನೂರು ಬಟ್ಟಲನ್ನು ಇಬ್ಬರೂ ಹಂಚಿಕೊಳ್ಳಬೇಕು. ಅವಳಿಗಳಲ್ಲಿ ಒಂದು ದಪ್ಪ, ಒಂದು ಸಣ್ಣ ಹುಟ್ಟುವುದನ್ನು ನೀವೇ ನೋಡಿರುತ್ತೀರಿ.

ಈಗ ನಿಮ್ಮ ತಾರೀಖಿಗೆ ಬನ್ನಿ. ಜನವರಿ 1ಕ್ಕೆ ಗಬ್ಬ ಆದ ಕುರಿಯ ಮಾಸು ಬೆಳೆದದ್ದು ಫೆಬ್ರವರಿ, ಮಾರ್ಚ್‌ನಲ್ಲಿ. ಹೊಲದ ಕೂಳೆ ಮುಗಿದು ಬಿಸಿಲು ಏರುವ ಕಾಲ. ಈ ಹೊತ್ತಿನಲ್ಲಿ ತುಂಬಾ ಸೆಕೆಗೆ ಸಿಕ್ಕಿದ ಕುರಿಯ ಮಾಸು ಚಿಕ್ಕದಾಗುತ್ತದೆ, ಮರಿಯೂ ಚಿಕ್ಕದಾಗುತ್ತದೆ. ಮೇವು ಚೆನ್ನಾಗಿದ್ದರೂ ಅಷ್ಟೇ. ಶಿರಾದ ಬಿಸಿಲಿಗೆ ಕುರಿ ಮಧ್ಯಾಹ್ನ ಬಯಲಲ್ಲಿ ಒಂದರ ಹೊಟ್ಟೆ ಕೆಳಗೆ ಒಂದು ತಲೆ ಹಾಕಿ ಗುಂಪಾಗಿ ನಿಲ್ಲುತ್ತವಲ್ಲ, ಅದು ನೆರಳಿಲ್ಲದ ಕುರಿಯ ಉಪಾಯ. ಹುಣಸೆಮರದ ನೆರಳು, ದಿನಕ್ಕೆ ಎರಡು ಸಲ ನೀರು, ಬೆಳಗಿನ ಮತ್ತು ಸಂಜೆಯ ಮೇವು: ಇಷ್ಟು ಮಾಡಿದರೆ ಅರ್ಧ ಕೆಲಸ ಆಯಿತು.

ಇನ್ನು ಕೊನೆಯ ಐವತ್ತು ದಿನ. ನಿಮ್ಮ ಲೆಕ್ಕದಲ್ಲಿ ಏಪ್ರಿಲ್ 8ರಿಂದ ಮೇ 28. ಹುಟ್ಟುವ ಮರಿಯ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು, ಅಂದರೆ ಮುಕ್ಕಾಲಿನ ಹತ್ತಿರ, ಸೇರುವುದು ಈ ಐವತ್ತೇ ದಿನಗಳಲ್ಲಿ. ನಮ್ಮ ಕಡೆಯ ಮರಿ ಹುಟ್ಟುವಾಗ ಎರಡೂವರೆ ಮೂರು ಕೆಜಿ ಇರಬೇಕಾದದ್ದು. ಅದರಲ್ಲಿ ಸುಮಾರು ಎರಡು ಕೆಜಿ ಈಗ ಕೂಡುತ್ತದೆ. ಉಣ್ಣೆಯ ಬೇರು ಹೆಚ್ಚಾಗುವುದು ಈಗ. ಕೆಚ್ಚಲು ಕಟ್ಟಿ ಗಿಣ್ಣು ತಯಾರಾಗುವುದು ಈಗ. ಹುಟ್ಟಿದ ಮರಿಯ ಮೂತ್ರಪಿಂಡದ ಸುತ್ತ ಕಂದು ಬಣ್ಣದ ಒಂದು ಕೊಬ್ಬು ಇರುತ್ತದೆ. ಒದ್ದೆ ಮರಿ ಗಾಳಿಗೆ ಬಿದ್ದ ಕೂಡಲೇ ಮೈ ಬೆಚ್ಚಗಿಡುವುದು ಆ ಕೊಬ್ಬು. ಅದು ಕೂಡುವುದೂ ಈಗಲೇ. ನಿಮ್ಮ ಏಳು ಮರಿಗಳು ರೋಗದಿಂದ ಸತ್ತಿರಲಿಕ್ಕಿಲ್ಲ. ಸಣ್ಣ ಮೈ, ಉರಿಸಲು ಕೊಬ್ಬಿಲ್ಲ, ಎದ್ದು ಮೊಲೆ ಹಿಡಿಯುವ ತ್ರಾಣವಿಲ್ಲ, ತಾಯಿಯ ಕೆಚ್ಚಲಲ್ಲೂ ಹಾಲಿಲ್ಲ. ಹೆಚ್ಚಾಗಿ ನಾನು ನೋಡುವುದು ಇದೇ ಕಥೆ.

ತೊಂದರೆ ಏನೆಂದರೆ, ಬೇಕಾದ ಮೇವು ಏರುವ ಹೊತ್ತಿಗೇ ತಿನ್ನುವ ಶಕ್ತಿ ಇಳಿಯುತ್ತದೆ. ಎರಡು ಮರಿ, ನೀರು, ಮಾಸು ಎಲ್ಲ ಸೇರಿ ಹೊಟ್ಟೆಯ ಜಾಗ ತಿನ್ನುತ್ತವೆ. ಒಣಹುಲ್ಲು ಎಷ್ಟು ಹಾಕಿದರೂ ಕುರಿ ಅಷ್ಟು ತುಂಬಿಕೊಳ್ಳಲಾರದು. ಅವಳಿ ಹೊತ್ತ ಕುರಿಗೆ ಕೊನೆಯ ವಾರಗಳಲ್ಲಿ ಖಾಲಿ ಕುರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು. ಮರಿ ಬದುಕುವುದು ಸಕ್ಕರೆಯ ಮೇಲೆ. ಕುರಿಯ ಹೊಟ್ಟೆ ಹುಲ್ಲಿನಿಂದ ನೇರವಾಗಿ ಸಕ್ಕರೆ ಕೊಡುವುದಿಲ್ಲ, ತಾಯಿಯ ಪಿತ್ತಜನಕಾಂಗ ಅದನ್ನು ಮಾಡಿಕೊಡಬೇಕು. ಮೇವು ಸಾಲದಿದ್ದರೆ ತಾಯಿ ತನ್ನ ಮೈಕೊಬ್ಬು ಕರಗಿಸುತ್ತದೆ. ಒಮ್ಮೆಗೇ ಕರಗಿದ ಕೊಬ್ಬು ಪಿತ್ತಜನಕಾಂಗದಲ್ಲಿ ಹೋಗಿ ತುಂಬಿಕೊಂಡು, ಅರ್ಧ ಉರಿದದ್ದು ಕೀಟೋನ್ ಆಗಿ ರಕ್ತ ಸೇರುತ್ತದೆ. ಕುರಿಗೆ ಹಸಿವೇ ಸತ್ತುಹೋಗುತ್ತದೆ. ತಿನ್ನದಿದ್ದಷ್ಟೂ ಇನ್ನಷ್ಟು ಕೊಬ್ಬು ಕರಗುತ್ತದೆ. ಇದಕ್ಕೆ ಗಬ್ಬದ ನಂಜು ಅನ್ನುತ್ತೇವೆ. ನಿಮ್ಮ ಮೂರು ಕುರಿ ಮಲಗಿದ್ದು ಬಹುತೇಕ ಇದರಿಂದಲೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಸತ್ತ ಒಂದು ಕುರಿಯನ್ನು ಹೊಲದ ಬದುವಿನ ಮೇಲೆ ಕೊಯ್ದು ನೋಡಿದ್ದೆ. 'ಯಾರೋ ವಿಷ ಇಟ್ಟಿದ್ದಾರೆ ಸ್ವಾಮಿ' ಅಂತ ಕುರಿಯವರು ಗಲಾಟೆ ಮಾಡುತ್ತಿದ್ದರು. ಹೊಟ್ಟೆ ಬಿಡಿಸಿದರೆ ಒಳಗೆ ಎರಡು ಪೂರ್ತಿ ಬೆಳೆದ ಮರಿ, ಒಂದರ ಕತ್ತಿನ ಮೇಲೆ ಒಂದು ತಲೆ ಇಟ್ಟುಕೊಂಡು. ಪಕ್ಕದಲ್ಲಿ ಪಿತ್ತಜನಕಾಂಗ ಅರಿಶಿನ ಕಲಸಿದ ಹಾಗೆ ಹಳದಿ. ಬೆರಳಲ್ಲಿ ಒತ್ತಿದರೆ ಹದ ಮೀರಿ ಬೆಂದ ಗೆಣಸಿನ ಹಾಗೆ ಪುಡಿಯಾಯಿತು, ಕೈಗೆಲ್ಲ ಜಿಡ್ಡು. ಕುರಿಯ ಯಜಮಾನ ಅಜ್ಜ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಎರಡಿದ್ದವು ಅಂತ ಗೊತ್ತಿದ್ದರೆ ಒಂದು ಹಿಡಿ ಜೋಳ ಹಾಕುತ್ತಿದ್ದೆ' ಅಂದರು.

ಈ ನಂಜಿನ ಗುರುತು ಹಿಡಿಯುವುದು ಕಷ್ಟವಲ್ಲ. ಕೊನೆಯ ತಿಂಗಳಲ್ಲಿ ಒಂದು ಕುರಿ ಮಂದೆಯ ಹಿಂದೆ ಉಳಿಯುತ್ತದೆ. ಕಾಳು ಹಾಕಿದರೆ ಮೂಸಿ ಬಿಡುತ್ತದೆ. ಮರುದಿನ ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಉಸಿರಿಗೆ ಒಂಥರಾ ಸಿಹಿ ವಾಸನೆ. ಮಲಗಿದ ಮೇಲೆ ಉಳಿಯುವುದು ಕಡಿಮೆ, ಹಾಗಾಗಿ ಹಿಂದೆ ಉಳಿದ ದಿನವೇ ಹಿಡಿಯಬೇಕು. ಬೆಳಿಗ್ಗೆ ಮಲಗಿದ ಕುರಿಯನ್ನು ಎಬ್ಬಿಸಿದ ಕೂಡಲೇ ಉಚ್ಚೆ ಹೊಯ್ಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಕೀಟೋನ್ ಪಟ್ಟಿಯನ್ನು ಅದಕ್ಕೆ ಹಿಡಿದರೆ ಬಣ್ಣ ಹೇಳುತ್ತದೆ. ಮೊದಲ ಹಂತದಲ್ಲಿ ಪ್ರೊಪಿಲೀನ್ ಗ್ಲೈಕಾಲ್ 60 ಮಿಲೀ ದಿನಕ್ಕೆ ಎರಡು ಸಲ ಕುಡಿಸಿ. ಡಾಕ್ಟರು ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಹಾಕುತ್ತಾರೆ. ಬೆಲ್ಲದ ನೀರು ಸ್ವಲ್ಪ ಆಸರೆ ಕೊಡಬಹುದು, ಆದರೆ ಅದರಲ್ಲಿ ಬಹುಪಾಲು ಹೊಟ್ಟೆಯ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ. ಅದನ್ನೇ ನಂಬಿ ಕೂರಬೇಡಿ. ಸುಣ್ಣದ ಅಂಶ ಕಡಿಮೆಯಾದರೂ ಕುರಿ ಹೀಗೇ ಮಲಗುತ್ತದೆ. ಅದಾದರೆ ಕ್ಯಾಲ್ಸಿಯಂ ಹಾಕಿದ ಸ್ವಲ್ಪ ಹೊತ್ತಿಗೇ ಏಳುತ್ತದೆ. ನಿಮ್ಮ ಮೂರರಲ್ಲಿ ಬದುಕಿದ ಒಂದಕ್ಕೆ ಡಾಕ್ಟರು ಏನು ಕೊಟ್ಟಿದ್ದರು ಅಂತ ಕೇಳಿ ನೋಡಿ, ಗೊತ್ತಾಗುತ್ತದೆ.

ಹಾಗಾದರೆ ಏನು ಹಾಕಬೇಕು? ಕೊನೆಯ ಐವತ್ತು ದಿನ ಮೇಯಿಸಿ ಬಂದ ಮೇಲೆ ಒಂಟಿ ಮರಿಯ ಕುರಿಗೆ ದಿನಕ್ಕೆ 200 ಗ್ರಾಂ ಕಾಳು ಮಿಶ್ರಣ, ಅವಳಿಯದಕ್ಕೆ 300ರಿಂದ 400 ಗ್ರಾಂ. ನೂರು ಕೆಜಿಗೆ ಮೆಕ್ಕೆಜೋಳದ ನುಚ್ಚು 50, ಶೇಂಗಾ ಹಿಂಡಿ 25, ಬೂಸಾ 22, ಖನಿಜ ಮಿಶ್ರಣ 2, ಉಪ್ಪು 1. ಜೊತೆಗೆ ತೊಗರಿ ಹೊಟ್ಟು, ಶೇಂಗಾ ಬಳ್ಳಿ ಇದ್ದರೆ ಒಳ್ಳೆಯದು. ಒಂದೇ ದಿನ ಅಷ್ಟೂ ಸುರಿಯಬೇಡಿ, ಹೊಟ್ಟೆ ಹುಳಿಯಾಗಿ ಬೇರೆ ಕಥೆ ಶುರುವಾಗುತ್ತದೆ. 50 ಗ್ರಾಂನಿಂದ ಶುರು ಮಾಡಿ ಹತ್ತು ದಿನದಲ್ಲಿ ಏರಿಸಿ, ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ. ಚೊಚ್ಚಲು ಕುರಿಗಳನ್ನು ಬೇರೆ ಕಟ್ಟಿ. ಅವು ತಾವೇ ಇನ್ನೂ ಬೆಳೆಯುತ್ತಿರುತ್ತವೆ, ದೊಡ್ಡ ಕುರಿಗಳ ನಡುವೆ ಬಾಯಿ ಹಾಕಲಾರವು.

ಮರಿ ದಪ್ಪವಾಗಿ ಸಿಕ್ಕಿಕೊಂಡರೆ ಅಂತ ಅಪ್ಪ ಕೇಳುತ್ತಾರೆ. ಅವಳಿಯಲ್ಲಿ ಮರಿ ದಪ್ಪವಾಗಿ ಸಿಕ್ಕುವುದು ಅಪರೂಪ. ಎರಡರ ಕಾಲು ತೊಡರಿಕೊಳ್ಳುವುದೇ ಜಾಸ್ತಿ, ಅದಕ್ಕೂ ಮೇವಿಗೂ ಸಂಬಂಧವಿಲ್ಲ. ಒಂಟಿ ಮರಿಯ ಕುರಿ ಕೊಬ್ಬಿದ್ದರೆ ಮಾತ್ರ ಅವರ ಭಯಕ್ಕೆ ಅರ್ಥವಿದೆ. ಕೊಬ್ಬಿದ ಕುರಿಗೂ ಗಬ್ಬದ ನಂಜು ಬರುತ್ತದೆ ಅನ್ನುವುದು ಬೇರೆ ಮಾತು. ಅದಕ್ಕೆ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಉಣ್ಣೆ ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ ಸೊಂಟದ ಮೇಲೆ ಕೈ ಇಟ್ಟು ಒತ್ತಿ. ಬೆನ್ನುಮೂಳೆ ಗರಗಸದ ಹಾಗೆ ಸಿಕ್ಕರೆ ಬಡಕಲು. ಮೂಳೆ ಸಿಗಲೇ ಇಲ್ಲವೆಂದರೆ ಕೊಬ್ಬು ಜಾಸ್ತಿ. ಒತ್ತಿದರೆ ಮಾತ್ರ ಮೂಳೆ ಸಿಗಬೇಕು, ಅದು ಹದ. ಎರಡೂವರೆ ತಿಂಗಳಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಒಂಟಿ, ಅವಳಿ ಬೇರೆ ಮಾಡಬಹುದು. 45ರಿಂದ 90 ದಿನದ ಒಳಗೆ ಎಣಿಸುವುದು ಸುಲಭ. ಆಚೆಗೆ ಮರಿ ದೊಡ್ಡದಾಗಿ ಪರದೆಯಲ್ಲಿ ಒಂದರ ಮೇಲೊಂದು ಬೀಳುತ್ತವೆ.

ಕಂದು ಹಾಕಿದ ಕುರಿಯ ವಿಷಯ ಬೇರೆ. ಆ ಮರಿಯನ್ನು ಎಸೆಯುವ ಮೊದಲು ಅಳೆದಿದ್ದರೆ ಚೆನ್ನಾಗಿತ್ತು. ನೆತ್ತಿಯಿಂದ ಬಾಲದ ಬುಡದವರೆಗೆ ಸೆಂಟಿಮೀಟರ್‌ನಲ್ಲಿ ಅಳೆದು, 17 ಕೂಡಿಸಿ, 2.1ರಿಂದ ಗುಣಿಸಿದರೆ ಹೆಚ್ಚುಕಡಿಮೆ ಎಷ್ಟು ದಿನದ್ದು ಅಂತ ಸಿಗುತ್ತದೆ. 31 ಸೆಂಟಿಮೀಟರ್ ಇದ್ದರೆ ಸುಮಾರು 100 ದಿನ. ಕೊನೆಯ ಎರಡು ತಿಂಗಳಲ್ಲಿ ಒಂದೇ ಕುರಿ ಹಾಕಿದರೆ ಗುದ್ದಾಟ, ಬಾಗಿಲಲ್ಲಿ ಇಕ್ಕಟ್ಟು ಇರಬಹುದು. ಎರಡು ಮೂರು ಹಾಕಿದರೆ ಬ್ರುಸೆಲ್ಲಾ ಥರದ ಸೋಂಕು ಅಂತ ಅನುಮಾನಿಸಿ, ಮರಿ ಮತ್ತು ಕಸವನ್ನು ಪರೀಕ್ಷೆಗೆ ಕಳಿಸಲು ಪಶು ಆಸ್ಪತ್ರೆಯವರಿಗೆ ಹೇಳಿ. ಬರಿಗೈಯಲ್ಲಿ ಮುಟ್ಟಬೇಡಿ, ಉಳಿದದ್ದನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ. ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಕುರಿ ಈಯುವ ಜಾಗಕ್ಕೆ ಬರುವುದೇ ಬೇಡ, ಕುರಿಯ ಕೆಲವು ಸೋಂಕು ಅವರ ಹೊಟ್ಟೆಗೂ ಕುತ್ತು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈಯುವ ಗಳಿಗೆ ಗೊತ್ತುಮಾಡುವುದು ತಾಯಿಯಲ್ಲ, ಮರಿ. ಮರಿಯ ಮೆದುಳಿನಿಂದ ಸೂಚನೆ ಹೋಗಿ, ಅದರ ಮೂತ್ರಪಿಂಡದ ಮೇಲಿನ ಗ್ರಂಥಿ ಕಾರ್ಟಿಸಾಲ್ ಸುರಿಸಿದಾಗ ಹೆರಿಗೆ ಶುರುವಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗ್ಗಿನ್ಸ್ ಎಂಬ ಡಾಕ್ಟರು 1960ರ ದಶಕದಲ್ಲಿ ಇದನ್ನು ಕುರಿಗಳಲ್ಲೇ ಕಂಡುಹಿಡಿದರು. ಕಾರ್ಟಿಸಾಲ್ ಥರದ ಔಷಧಿ ಕೊಟ್ಟು ದಿನಕ್ಕೆ ಮೊದಲೇ ಹುಟ್ಟಿಸಿದ ಮರಿ ಉಸಿರಾಡಿದ್ದು ಕಂಡು, ಶ್ವಾಸಕೋಶವೂ ಬೇಗ ಬಲಿಯಿತು ಅಂತ ಅವರಿಗೆ ಹೊಳೆಯಿತು. ಇವತ್ತು ದಿನ ತುಂಬದೆ ಹೆರುವ ತಾಯಂದಿರಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಅಲ್ಲಿಂದ ಬಂದದ್ದು. ನಿಮಗೆ ಇದರಿಂದ ಆಗಬೇಕಾದದ್ದು ಇಷ್ಟೇ: ಕೊನೆಯ ವಾರಗಳಲ್ಲಿ ಕುಂಟಿಗೋ ಜ್ವರಕ್ಕೋ ಯಾರಾದರೂ ಅದೇ ಜಾತಿಯ ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್ ಚುಚ್ಚಿದರೆ ಕುರಿ ಎರಡು ಮೂರು ದಿನದಲ್ಲಿ ಈದುಬಿಡಬಹುದು. ಗಬ್ಬ ಅಂತ ಮೊದಲೇ ಹೇಳಿ.

ಕುರಿಯ ಮಾಸು ರೋಗನಿರೋಧಕ ಶಕ್ತಿಯನ್ನು ಮರಿಗೆ ದಾಟಿಸುವುದಿಲ್ಲ. ಎಲ್ಲ ಗಿಣ್ಣಿನಲ್ಲೇ ಹೋಗಬೇಕು, ಅದೂ ಮೊದಲ ದಿನವೇ. ಎರಡೂವರೆ ಕೆಜಿ ಮರಿಗೆ ಮೊದಲ ಎರಡು ಗಂಟೆಯಲ್ಲಿ 125 ಮಿಲೀ, ದಿನಕ್ಕೆ ಅರ್ಧ ಲೀಟರ್. ಮೊಲೆ ಹಿಡಿಯದ ಅವಳಿ ಮರಿಗೆ ತಾಯಿಯ ಗಿಣ್ಣು ಕರೆದು ಬಾಟಲಿಯಲ್ಲಿ ಕುಡಿಸಿ. ಈಯುವುದಕ್ಕೆ ಮೂರ್ನಾಲ್ಕು ವಾರ ಮುಂಚೆ ತಾಯಿಗೆ ಕರುಳು ಬೇನೆಯ ಲಸಿಕೆ ಹಾಕಿಸಿದರೆ ಗಿಣ್ಣಿನಲ್ಲಿ ಅದರ ಬಲವೂ ಸೇರುತ್ತದೆ.

ಇದೆಲ್ಲಕ್ಕೂ ತಾರೀಖು ಬೇಕು. ಟಗರು ವರ್ಷಪೂರ್ತಿ ಮಂದೆಯಲ್ಲೇ ಇದ್ದರೆ ಯಾವ ಕುರಿ ಯಾವಾಗ ಅಂತ ದೇವರಿಗೇ ಗೊತ್ತು. ಟಗರನ್ನು ಬೇರೆ ಕಟ್ಟಿ. ಆಗದಿದ್ದರೆ ಹೊಟ್ಟೆಯ ಕೆಳಗೆ ಗೋಣಿ ಕಟ್ಟಿ. ಬಿಡುವ ದಿನ ಅದರ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿಯಿರಿ, 17 ದಿನ ಆದ ಮೇಲೆ ಬಣ್ಣ ಬದಲಾಯಿಸಿ. ಯಾವ ಕುರಿಯ ಬೆನ್ನ ಮೇಲೆ ಯಾವ ಬಣ್ಣ ಬಿತ್ತೋ ಬರೆದಿಡಿ. ಮೊದಲ ಬಣ್ಣದ ಮೇಲೆ ಎರಡನೆಯದೂ ಬಿದ್ದರೆ ಮೊದಲ ಸಲ ಗಬ್ಬ ನಿಂತಿಲ್ಲ ಅಂತ ಅರ್ಥ.

ಮುಂದಿನ ಸಲ ಟಗರನ್ನು ಜೂನ್ 15ಕ್ಕೆ ಬಿಡಿ. ಎರಡು ವಾರ ಮುಂಚಿನಿಂದ ಕುರಿಗಳಿಗೆ ದಿನಕ್ಕೆ 200 ಗ್ರಾಂ ಕಾಳು ಹಾಕಿ. ಮಾಸು ಬೆಳೆಯುವುದು ಮಳೆಗಾಲದ ಹಸಿರಲ್ಲಿ, ಕಾಳು ಶುರುಮಾಡುವುದು ಸೆಪ್ಟೆಂಬರ್ 20ಕ್ಕೆ, ಲಸಿಕೆ ಅಕ್ಟೋಬರ್ ಮಧ್ಯಕ್ಕೆ, ಮೊದಲ ಮರಿ ನವೆಂಬರ್ 9ರ ಸುಮಾರಿಗೆ. ಆಗ ರಾತ್ರಿ ಚಳಿ ಶುರುವಾಗಿರುತ್ತದೆ, ಹಟ್ಟಿಯ ಒಂದು ಮೂಲೆಗೆ ಗೋಣಿ ಕಟ್ಟಿ ಒಣಹುಲ್ಲು ಹಾಸಿಡಿ. ಮನೆಯಲ್ಲಿ ತಕ್ಕಡಿ ಇದ್ದರೆ ಹುಟ್ಟಿದ ಮರಿಯನ್ನು ಚೀಲದಲ್ಲಿ ಇಟ್ಟು ತೂಗಿ ಬರೆದುಕೊಳ್ಳಿ. ಆ ಪಟ್ಟಿ ಅಪ್ಪನಿಗೂ ತೋರಿಸಿ.